ಮೊದಲು ನಲ್ಲಿ ತಿರುಗಿಸಿ ನೋಡಿ

ಗುಣವತಿ ಟೀಚರ್, ಮರಳೂರು ದಿಣ್ಣೆಯಲ್ಲಿ ಮನೆ ನೋಡಿದ್ದೀರಂತೆ,
ಇರುವುದಕ್ಕಲ್ಲ, ಬಾಡಿಗೆಗೆ ಬಿಡುವುದಕ್ಕೆ.
ಸಿಂಕಿನ ಕೆಳಗೆ ಮಲಗಿರುವವನನ್ನು ಕೇಳುತ್ತಿದ್ದೀರಿ.
ಸರಿ, ಆ ದೊಡ್ಡ ಸ್ಪ್ಯಾನರ್ ಇತ್ತ ಕೊಡಿ, ಹೇಳುತ್ತೇನೆ.

ಬ್ರೋಕರ್ ರಂಗಧಾಮಯ್ಯ ಬೆಳಿಗ್ಗೆ ಹತ್ತಕ್ಕೆ ಕರೆದೊಯ್ಯುತ್ತಾನೆ,
ಆಗ ಎಲ್ಲ ಮನೆಯೂ ಮದುಮಗಳೇ.
ನೀವು ಸಂಜೆ ಒಬ್ಬರೇ ಹೋಗಿ,
ಮಳೆ ಬಿದ್ದ ಮಾರನೆ ದಿನ ಇನ್ನೊಮ್ಮೆ.
ಹೊಸ ಬಣ್ಣ ಎಲ್ಲಿ ಜಾಸ್ತಿ ಹೊಳೆಯುತ್ತದೋ ಅಲ್ಲೇ ಅಂಗೈ ಇಡಿ,
ಗೋಡೆ ತಣ್ಣಗಿದ್ದರೆ ಅದು ಏನೋ ಮುಚ್ಚಿಟ್ಟಿದೆ.
ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿ.
ಮೇಲಿನ ಬಚ್ಚಲಲ್ಲಿ ನೀರು ನೂಲಾದರೆ
ಕೆಳಗಿನ ಅಡುಗೆಮನೆಯ ಜೊತೆ ಜಗಳ ಖಾತ್ರಿ.
ದಿಣ್ಣೆ ಅಂದಮೇಲೆ ದಿಣ್ಣೆಯೇ,
ಹತ್ತುವಾಗ ನೀರಿಗೂ ಏದುಸಿರು.
ಪಕ್ಕದ ಮನೆಯವರನ್ನು ಕೇಳಿ: ಹೇಮಾವತಿ ಎಷ್ಟು ದಿನಕ್ಕೊಮ್ಮೆ?
ಅವರು ಮೊದಲು ನಕ್ಕು ಆಮೇಲೆ ಹೇಳಿದರೆ
ಟ್ಯಾಂಕರಿನ ಲೆಕ್ಕವನ್ನೂ ಬರೆದುಕೊಳ್ಳಿ.

ಕಾಗದದ ವಿಷಯ ನನಗೆ ಅಷ್ಟು ಗೊತ್ತಿಲ್ಲ.
ಶೆಟ್ಟಿಹಳ್ಳಿಯಲ್ಲಿ ಒಬ್ಬರು
ಖಾತೆ ನೋಡದೆ ಟೈಲ್ಸ್ ನೋಡಿ ಕೊಂಡರು.
ಈಗ ಆ ಟೈಲ್ಸಿನ ಮೇಲೆಯೇ ಕೂತು
ವಕೀಲರಿಗೆ ಫೋನ್ ಮಾಡುತ್ತಾರೆ.
ಇಷ್ಟು ಮಾತ್ರ ಗೊತ್ತು.

ಕರೆಂಟ್ ಮೀಟರ್ ಮನೆಗೊಂದು ಇರಲಿ,
ಇಬ್ಬರಿಗೊಂದು ಅಂದರೆ ಒಂದು ಫ್ರಿಜ್ಜಿಗೇ ಯುದ್ಧ.

ಲೆಕ್ಕ ಹಾಕುವಾಗ ವರ್ಷಕ್ಕೆ ಹತ್ತೇ ತಿಂಗಳು.
ಒಂದನ್ನು ಬೀಗ ತಿನ್ನುತ್ತದೆ,
ಒಂದನ್ನು ನಾನು ತಿನ್ನುತ್ತೇನೆ:
ನಾನು, ಪೇಂಟರ್ ಓಬಳೇಶ, ಸುಟ್ಟುಹೋದ ಮೋಟಾರು.
ಹತ್ತರಲ್ಲಿ ಕಂತು ಕಟ್ಟಿ, ಕಂದಾಯ ಕಟ್ಟಿ
ಕೈಗೆ ನಾಲ್ಕು ಕಾಸು ಉಳಿದರೆ ಕೊಳ್ಳಿ.
ಇಲ್ಲವಾದರೆ ಮನೆಯ ಒಡತಿ ನೀವಲ್ಲ,
ಬ್ಯಾಂಕಿನ ಬಾಡಿಗೆದಾರರು.

ಅಡ್ವಾನ್ಸ್ ಹಣ ಮುಟ್ಟಬೇಡಿ.
ಅದು ಅವರದು, ನಿಮ್ಮ ಬೀರುವಿನಲ್ಲಿ ಮಲಗಿದೆ ಅಷ್ಟೇ.
ಸರಸ್ವತಿಪುರದ ಯಜಮಾನರೊಬ್ಬರು ಅದರಲ್ಲಿ ಮಗಳ ಸೀಮಂತ ಮಾಡಿ
ಖಾಲಿ ಮಾಡಿದವರನ್ನು ಆರು ತಿಂಗಳು ಅಲೆಸಿದರು.
ಅವರೋ, ಹೋಗುವಾಗಲೇ ಷವರ್ ಕಿತ್ತುಕೊಂಡು ಹೋಗಿದ್ದರು.
ಹೊಸದು ಹಾಕಿದವನು ನಾನು,
ಎರಡೂ ಕಡೆಯ ಕಥೆ ಕೇಳಿಕೊಂಡು.

ವಸಂತನರಸಾಪುರದ ಫ್ಯಾಕ್ಟರಿ ಹುಡುಗರು ಬಂದರೆ ಹೆದರಬೇಡಿ,
ಮೂವರು ಮೂರು ಶಿಫ್ಟು,
ಗಲಾಟೆ ಮಾಡಲು ಒಟ್ಟಿಗೆ ಎಚ್ಚರವೇ ಇರುವುದಿಲ್ಲ.
ಮತ್ತೆ, ಮೊಳೆ ಹೊಡೆಯಬಾರದು ಅನ್ನಬೇಡಿ.
ಕ್ಯಾಲೆಂಡರನ್ನು ಪಾಪ ನೆಲದ ಮೇಲೆ ಹಾಸುತ್ತಾರೆಯೇ?

ಇನ್ನೊಂದು ಇದೆ, ಹೇಳಲೋ ಬೇಡವೋ.
ಹೋದ ವರ್ಷ ಎಸ್.ಎಸ್. ಪುರಂನಲ್ಲಿ ಒಂದು ಗೇಟಿಗೆ
ಬೋರ್ಡ್ ಕಟ್ಟಿತ್ತು, ಮನೆ ಬಾಡಿಗೆಗಿದೆ.
ಎರಡು ರೂಮು, ನನ್ನ ಹೆಂಡತಿಯ ಹೊಲಿಗೆ ಮಿಷನ್ನಿಗೆ
ಅಳತೆ ತೆಗೆದು ಇಟ್ಟಂತೆ ಒಂದು ಕಿಟಕಿ.
ಏನು ಕೆಲಸ ಅಂದರು. ಹೇಳಿದೆ, ಖುಷಿಪಟ್ಟರು.
ಹೆಸರೇನು ಅಂದರು.
ಸಾದತ್ ಅಂದೆ.
ಬೋರ್ಡ್ ಇತ್ತು. ಮನೆ ಇರಲಿಲ್ಲ.

ನಾಲ್ಕು ತಿಂಗಳು ಖಾಲಿ ಬಿದ್ದಿತ್ತು ಅದು.
ನಿಮ್ಮ ಲೆಕ್ಕದ ಪುಸ್ತಕದಲ್ಲಿ
ಈ ನಷ್ಟವನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ ಟೀಚರ್?
ಐದನೇ ತಿಂಗಳು ಟ್ಯಾಂಕ್ ಸೋರಿ ನನಗೇ ಫೋನ್ ಬಂತು.
ಹೋದೆ. ವಾಲ್ವ್ ಬದಲಿಸಿದೆ.
ಇಳಿಯುವಾಗ ಆ ಕಿಟಕಿ ನೋಡಿದೆ.
ಬೆಳಕು ಚೆನ್ನಾಗಿತ್ತು.

ಆಯಿತು, ಈಗ ತಿರುಗಿಸಿ. ಸೋರುತ್ತಿಲ್ಲ ಅಲ್ಲವಾ?
ವಾಷರ್ ಹತ್ತು ರೂಪಾಯಿ, ಕೂಲಿ ಇನ್ನೂರೈವತ್ತು.
ದಿಣ್ಣೆಯ ಮನೆಗೆ ಹೋಗುವ ದಿನ ನನ್ನನ್ನೂ ಕರೆಯಿರಿ,
ಟಾರ್ಚ್ ನಾನೇ ತರುತ್ತೇನೆ.
ಕಿಟಕಿ ಯಾವ ದಿಕ್ಕಿಗೆ ಅಂತ ಮಾತ್ರ
ಮೊದಲೇ ಕೇಳಿಟ್ಟಿರಿ.